ಕಣ್ಣೊಳಗಿನ ಪಾಪೆ



ಚಿಕ್ಕಂದಿನಲ್ಲಿ ಕಣ್ಣಿಗೆ ಕಸ ಬಿದ್ದು ಅಳುತ್ತ ಓಡಿ ಬಂದರೆ ನಮ್ಮಜ್ಜಿಯ ಉಪಚಾರ ಒಂದೇ. ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗಿಟ್ಟು ಹಾ ಎಂದು ಊದಿ, ಬೆಚ್ಚಗಾದ ಆ ಬಟ್ಟೆಯನ್ನು ರೆಪ್ಪೆಯ ಮೇಲೆ ಮೆತ್ತಗೆ ಒತ್ತುತ್ತಿದ್ದಳು. ನಾಲ್ಕು ಸಲ ಹೀಗೆ ಶಾಖ ಕೊಟ್ಟ ಮೇಲೆ ನನ್ನ ಗಲ್ಲ ಹಿಡಿದು, ಮುಖಕ್ಕೆ ಮುಖ ತಂದು, ಕಸ ಹೋಯಿತೇ ಎಂದು ನೋಡುತ್ತಿದ್ದಳು. ಅಳು ಇನ್ನೂ ನಿಲ್ಲದಿದ್ದರೆ, "ನನ್ನ ಕಣ್ಣೊಳಗೆ ನೋಡೋ, ಒಂದು ಪಾಪಚ್ಚಿ ಕೂತ್ಕೊಂಡಿದೆ. ಅದೂ ಅಳ್ತಾ ಇದೆಯಾ ನೋಡು" ಅನ್ನುತ್ತಿದ್ದಳು. ನಾನು ನೋಡುತ್ತಿದ್ದೆ. ಅವಳ ಕಣ್ಣಿನ ಕಪ್ಪು ನಡುವಿನಲ್ಲಿ ಉದ್ದಿನಕಾಳಿನಷ್ಟು ಚಿಕ್ಕ ಹುಡುಗನೊಬ್ಬ ಇರುತ್ತಿದ್ದ. ನಾನು ತಲೆ ಆಡಿಸಿದರೆ ಅವನೂ ಆಡಿಸುತ್ತಿದ್ದ. ಅಳು ಅಲ್ಲಿಗೆ ಮರೆತೇ ಹೋಗುತ್ತಿತ್ತು.

ಈ ಹೊತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಆ ಪಾಪಚ್ಚಿಯನ್ನೇ. ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರು ಪೂಪಿಲ್ಲಾ. ಕಣ್ಣಿನ ನಡುವಿನ ಕಪ್ಪು ಕಂಡಿಗೆ ಜಗತ್ತಿನ ಅಂಗರಚನಾ ಶಾಸ್ತ್ರದಲ್ಲಿ ಇಂದಿಗೂ ನಿಂತಿರುವ ಹೆಸರು ಅದು. ಇಂಗ್ಲಿಷಿನ ಪ್ಯೂಪಿಲ್ ಅಲ್ಲಿಂದಲೇ ಬಂದದ್ದು. ಕನ್ನಡದಲ್ಲಿ ನಾವು ಅದನ್ನು ಕಣ್ಣಪಾಪೆ ಎನ್ನುತ್ತೇವೆ. ಎರಡು ಸಾವಿರ ವರ್ಷಗಳ ಹಿಂದಿನ ರೋಮಿನವರಿಗೂ ನಮ್ಮಜ್ಜಿಗೂ ಯಾವ ನಂಟೂ ಇಲ್ಲ. ಆದರೂ ಇಬ್ಬರೂ ಕಣ್ಣಿನ ಆ ಜಾಗಕ್ಕೆ ಇಟ್ಟ ಹೆಸರಿನ ಅರ್ಥ ಒಂದೇ.

ಮೊದಲು ರೋಮಿಗೆ ಹೋಗೋಣ. ಲ್ಯಾಟಿನ್ನಿನಲ್ಲಿ ಪೂಪಾ ಎಂದರೆ ಪುಟ್ಟ ಹುಡುಗಿ. ಹುಡುಗಿಯರು ಆಡುವ ಗೊಂಬೆಗೂ ಅದೇ ಮಾತು. ಅದನ್ನು ಇನ್ನಷ್ಟು ಚಿಕ್ಕದು ಮಾಡಿ ಕರೆದರೆ ಪೂಪುಲಾ, ಮತ್ತೂ ಮುದ್ದು ಬೆರೆಸಿದರೆ ಪೂಪಿಲ್ಲಾ. ನಾವು ಪಾಪ, ಪಾಪು, ಪಾಪಚ್ಚಿ ಎಂದು ಎಳೆಯುವ ಹಾಗೆ.

ರೋಮಿನ ಮಕ್ಕಳು ಆಡುತ್ತಿದ್ದ ಗೊಂಬೆ ಹೇಗಿತ್ತೆಂದು ಇಂದು ನಾವು ಕಣ್ಣಾರೆ ನೋಡಬಹುದು. 1889ರಲ್ಲಿ ರೋಮ್ ನಗರದಲ್ಲಿ ಟೈಬರ್ ನದಿಯ ದಡದಲ್ಲಿ ನ್ಯಾಯಾಲಯದ ಕಟ್ಟಡಕ್ಕೆ ಪಾಯ ಅಗೆಯುತ್ತಿದ್ದಾಗ ಒಂದು ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಕ್ರೆಪೆರೇಯಾ ಟ್ರೈಫೇನಾ ಎಂದು ಕೊರೆದಿತ್ತು. ಕ್ರಿಸ್ತಶಕ 2ನೆಯ ಶತಮಾನದ ಹೆಣ್ಣುಮಗಳು, ಎಳೆಯ ಪ್ರಾಯದಲ್ಲೇ ತೀರಿಕೊಂಡವಳು. ಅವಳ ಜೊತೆಯಲ್ಲಿ ಆನೆದಂತದ ಒಂದು ಗೊಂಬೆಯನ್ನು ಇಟ್ಟಿದ್ದರು. ಒಂದು ಗೇಣಿನಷ್ಟು ಎತ್ತರ. ಕೈಕಾಲಿನ ಕೀಲುಗಳು ಆಡುವಂತೆ ಮಾಡಿದ್ದು. ತಲೆಗೂದಲನ್ನು ಆ ಕಾಲದ ಶ್ರೀಮಂತ ಹೆಂಗಸರ ರೀತಿಯಲ್ಲೇ ಕೆತ್ತಿದ್ದು. ಗೊಂಬೆಗೆಂದೇ ಪುಟ್ಟ ಕನ್ನಡಿ, ಪುಟ್ಟ ಬಾಚಣಿಗೆ ಕೂಡ ಇದ್ದವು. ರೋಮಿನ ಹುಡುಗಿಯರು ಮದುವೆಗೆ ಮುಂಚೆ ತಮ್ಮ ಪೂಪಾವನ್ನು ವೀನಸ್ ದೇವಿಗೆ ಒಪ್ಪಿಸುವ ಪದ್ಧತಿಯಿತ್ತು. ಹಾಗೆ ಒಪ್ಪಿಸುವ ದಿನ ಬರದೆ ಹೋದ ಮಗಳ ಗೊಂಬೆಯನ್ನು ಹೆತ್ತವರು ಅವಳ ಮಗ್ಗುಲಲ್ಲೇ ಮಲಗಿಸಿದ್ದರೇನೋ ಎಂದು ನನಗೆ ಅನ್ನಿಸುತ್ತದೆ.

ವೈದ್ಯರ ಲ್ಯಾಟಿನ್ ಪದ ಇಂಥ ಮನೆಯೊಳಗಿಂದ ಎದ್ದು ಬಂದದ್ದು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಲ್ಯಾಟಿನ್ ಎಂದ ಕೂಡಲೇ ನಮಗೆ ಅಂಜಿಕೆ. ಆಸ್ಪತ್ರೆಯ ಚೀಟಿಯಲ್ಲಿ ಕಾಣುವ ಆ ಉದ್ದುದ್ದ ಹೆಸರುಗಳು ಯಾವುದೋ ಎತ್ತರದಿಂದ ಇಳಿದು ಬಂದ ಮಂತ್ರಗಳೆಂದು ನಾವು ತಿಳಿದಿದ್ದೇವೆ. ಅವುಗಳ ಹೊದಿಕೆ ಸರಿಸಿ ನೋಡಿ. ಮಂಡಿಚಿಪ್ಪಿಗೆ ಲ್ಯಾಟಿನ್ನಿನಲ್ಲಿ ಪಟೆಲ್ಲಾ, ಅಂದರೆ ಚಿಕ್ಕ ತಟ್ಟೆ. ತೊಡೆಯ ಮೂಳೆ ಕೂರುವ ಸೊಂಟದ ಗುಳಿಗೆ ಅಸಿಟ್ಯಾಬುಲಂ. ಅದು ಊಟದ ಮೇಜಿನ ಮೇಲೆ ಹುಳಿರಸ ಹಾಕಿಡುತ್ತಿದ್ದ ಬಟ್ಟಲು. ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ಒಂದು ಟಿಬಿಯಾ, ಊದುವ ಕೊಳಲು. ಇನ್ನೊಂದು ಫಿಬುಲಾ, ಬಟ್ಟೆಗೆ ಚುಚ್ಚುವ ಪಿನ್ನು. ಮಾಂಸಖಂಡದ ಮಸಲ್ ಎಂಬ ಮಾತಿನ ಮೂಲ ಮುಸ್ಕುಲುಸ್, ಅಂದರೆ ಚಿಕ್ಕ ಇಲಿ. ತೋಳು ಮಡಿಸಿದಾಗ ಚರ್ಮದ ಕೆಳಗೆ ಇಲಿ ಓಡಿದಂತೆ ಅವರಿಗೆ ಕಂಡಿತು. ನಮ್ಮವರು ಕಾಲಿನ ಹಿಂಭಾಗದ ಖಂಡವನ್ನು ನೋಡಿ ಮೀನಖಂಡ ಎಂದರು. ಅವರಿಗೆ ಇಲಿ, ನಮಗೆ ಮೀನು. ಕಿವಿಯೊಳಗಿನ ತೆಳುಪೊರೆಗೆ ಅವರು ಟಿಂಪನಂ ಎಂದರು, ನಾವು ತಮಟೆ ಎಂದೆವು. ಎರಡೂ ಚರ್ಮ ಬಿಗಿದ ವಾದ್ಯಗಳೇ. ಮೈಯನ್ನು ಮೊದಲು ಹೆಸರಿಸಿದವರು ಅಡಿಗೆ ಮಾಡುತ್ತಿದ್ದವರು, ಬಟ್ಟೆ ಉಡುತ್ತಿದ್ದವರು, ಮಕ್ಕಳನ್ನು ಆಡಿಸುತ್ತಿದ್ದವರು. ವೈದ್ಯರು ಆಮೇಲೆ ಅವನ್ನು ಎರವಲು ಪಡೆದರು.

ಪೂಪಿಲ್ಲಾ ಎಂಬ ಹೆಸರಿನ ಹಿಂದೆ ಇನ್ನೂ ಹಳೆಯ ಒಂದು ಹೆಸರಿದೆ. ಗ್ರೀಕರು ಕಣ್ಣಿನ ಆ ಕಪ್ಪನ್ನು ಕೋರೆ ಎಂದು ಕರೆಯುತ್ತಿದ್ದರು. ಕೋರೆ ಎಂದರೂ ಹುಡುಗಿಯೇ, ಗೊಂಬೆಯೇ. ಪಾತಾಳದ ದೊರೆ ಹೊತ್ತೊಯ್ದ ಪರ್ಸೆಫೊನೆ ದೇವಿಯನ್ನು ಗ್ರೀಕರು ಕೋರೆ ಎಂದೇ, ಅಂದರೆ ಮಗಳು ಎಂದೇ ಕರೆಯುತ್ತಿದ್ದರು. ಗ್ರೀಕರ ವೈದ್ಯವನ್ನು ಕಲಿತ ರೋಮಿನವರು ಅವರ ಕೋರೆಯನ್ನು ನೋಡಿ ತಮ್ಮ ಪೂಪಿಲ್ಲಾವನ್ನು ಅದೇ ಜಾಗಕ್ಕೆ ತಂದು ಕೂರಿಸಿದರು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಹೆಸರು ಯಾಕೆ ಹಾಗೆ ಬಂತೆಂಬುದಕ್ಕೂ ಗ್ರೀಕರೇ ಸಾಕ್ಷಿ ಬಿಟ್ಟುಹೋಗಿದ್ದಾರೆ. ಪ್ಲೇಟೋನ ಹೆಸರಿನಲ್ಲಿ ಉಳಿದಿರುವ ಆಲ್ಸಿಬಯಡೀಸ್ ಎಂಬ ಸಂವಾದವಿದೆ. ಅದು ಪ್ಲೇಟೋ ಬರೆದದ್ದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಆದರೆ ಕೃತಿ ಹಳೆಯದು. ಅದರಲ್ಲಿ ಸಾಕ್ರಟೀಸ್ ಆಲ್ಸಿಬಯಡೀಸ್ ಎಂಬ ತರುಣನಿಗೆ ತನ್ನನ್ನು ತಾನು ಅರಿಯುವ ಬಗೆಯನ್ನು ವಿವರಿಸುತ್ತಾನೆ. ಎದುರಿಗಿರುವವರ ಕಣ್ಣನ್ನು ದಿಟ್ಟಿಸಿದರೆ ನೋಡುವವನ ಮುಖವೇ ಕನ್ನಡಿಯಲ್ಲಿ ಕಂಡಂತೆ ಅಲ್ಲಿ ಕಾಣುತ್ತದೆ. ಆ ಜಾಗವನ್ನು ಕೋರೆ ಎನ್ನುವುದು ಆ ಬಿಂಬದಿಂದಲೇ ಎನ್ನುತ್ತಾನೆ. ಅಲ್ಲಿಂದ ಅವನು ಮುಂದಿನ ಹೆಜ್ಜೆ ಇಡುತ್ತಾನೆ. ಕಣ್ಣು ತನ್ನನ್ನು ತಾನು ಕಾಣಬೇಕಾದರೆ ಇನ್ನೊಂದು ಕಣ್ಣನ್ನು ನೋಡಬೇಕು. ಹಾಗೆಯೇ ಆತ್ಮವು ತನ್ನನ್ನು ಅರಿಯಬೇಕಾದರೆ ಇನ್ನೊಂದು ಆತ್ಮವನ್ನು ನೋಡಬೇಕು. ಒಂದು ಅಂಗದ ಹೆಸರನ್ನು ಹಿಡಿದು ಇಷ್ಟು ದೂರ ನಡೆದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ರೋಮಿನ ಪ್ಲಿನಿ ಕೂಡ ಇದನ್ನು ಗಮನಿಸಿದ್ದ. ವೆಸುವಿಯಸ್ ಜ್ವಾಲಾಮುಖಿ ಸಿಡಿದ ಕ್ರಿಸ್ತಶಕ 79ರಲ್ಲಿ ಪ್ರಾಣ ಬಿಟ್ಟವನು ಅವನು. ಪ್ರಕೃತಿ ಚರಿತ್ರೆಯೆಂಬ ತನ್ನ ದೊಡ್ಡ ಗ್ರಂಥದಲ್ಲಿ, ಅಷ್ಟು ಚಿಕ್ಕ ಪೂಪಿಲ್ಲಾ ಇಡೀ ಮನುಷ್ಯನ ಆಕಾರವನ್ನು ತೋರಿಸಿಬಿಡುತ್ತದಲ್ಲ ಎಂದು ಅಚ್ಚರಿಪಡುತ್ತಾನೆ. ಕೈಯಲ್ಲಿ ಹಿಡಿದ ಹಕ್ಕಿಗಳು ಹೆಚ್ಚಾಗಿ ನಮ್ಮ ಕಣ್ಣಿಗೇ ಕೊಕ್ಕು ಚಾಚುವುದು ಏಕೆಂದರೆ, ಅಲ್ಲಿ ತಮ್ಮದೇ ಬಿಂಬ ಕಂಡು ತಮ್ಮ ಜಾತಿಯ ಹಕ್ಕಿಯೆಂದು ಅದರತ್ತ ಹೋಗುತ್ತವೆ ಎಂದೂ ಬರೆಯುತ್ತಾನೆ. ಹಕ್ಕಿಯ ಮನಸ್ಸನ್ನು ಅವನು ಸರಿಯಾಗಿ ಓದಿದ್ದನೋ ಇಲ್ಲವೋ, ಹಕ್ಕಿಯನ್ನು ಮುಖದ ಹತ್ತಿರ ಹಿಡಿದು ನೋಡಿದವನ ಮಾತು ಅದು.

ಈಗ ನಮ್ಮ ನೆರೆಹೊರೆಗೆ ಬನ್ನಿ. ಕನ್ನಡದಲ್ಲಿ ಪಾಪೆ ಎಂದರೆ ಗೊಂಬೆ, ಕೂಸು, ಕಣ್ಣಿನ ಕಪ್ಪು, ಮೂರೂ ಹೌದು. ಗೊಂಬೆಯೆಂಬ ಅರ್ಥ ಈಗ ಬಳಕೆಯಲ್ಲಿ ತೆಳುವಾಗಿದೆ, ಕಣ್ಣಿನಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ. ತೆಲುಗಿನವರು ಕಂಟಿಪಾಪ, ಕನುಪಾಪ ಎನ್ನುತ್ತಾರೆ. ಅವರಿಗೂ ಪಾಪ ಎಂದರೆ ಮಗು. ತಮಿಳಿನಲ್ಲಿ ಪಾವೈ ಎಂದರೆ ಗೊಂಬೆ, ಕಣ್ಣಿನದು ಕಣ್‌ಪಾವೈ. ತಿರುಕ್ಕುರಳಿನ ಪ್ರೇಮಭಾಗದಲ್ಲಿ ಒಬ್ಬ ಪ್ರೇಮಿ ತನ್ನ ಕಣ್ಣಿನ ಪಾವೈಯನ್ನು ಹೊರಗೆ ಹೋಗೆನ್ನುತ್ತಾನೆ, ಅಲ್ಲಿ ತನ್ನ ನಲ್ಲೆಗೆ ಜಾಗ ಬೇಕೆಂದು. ಮರಾಠಿಯಲ್ಲಿ ಬಾಹುಲಿ, ಹಿಂದಿಯಲ್ಲಿ ಪುತಲಿ, ಎರಡೂ ಗೊಂಬೆಗಳೇ. ನಮ್ಮ ಊರಿನ ವೃತ್ತಗಳಲ್ಲಿ ನಿಲ್ಲಿಸುವ ಪುತ್ಥಳಿಗೂ ಹಿಂದಿಯವರ ಕಣ್ಣಿನ ಪುತಲಿಗೂ ಮೂಲ ಒಂದೇ ಸಂಸ್ಕೃತ ಪದ. ಇನ್ನು ಸಂಸ್ಕೃತದ್ದೇ ಆದ ಕನೀನಿಕಾ ಎಂಬ ಹೆಸರೂ ಚಿಕ್ಕ ಹುಡುಗಿ ಎಂಬ ಅರ್ಥದಿಂದ ಬಂದದ್ದು. ಕನ್ಯಾ ಎಂಬ ಪದದ ಬಳಗದ್ದು.

ಪಡುವಣಕ್ಕೆ ಹೋದರೆ ಪಾರಸಿಯಲ್ಲಿ ಮರ್ದುಮಕ್, ಚಿಕ್ಕ ಮನುಷ್ಯ. ಅರಬ್ಬಿಯಲ್ಲಿ ಇನ್ಸಾನುಲ್ ಐನ್, ಕಣ್ಣಿನ ಮನುಷ್ಯ. ಹೀಬ್ರೂ ಬೈಬಲ್ಲಿನ ಈಶೋನ್ ಎಂಬುದೂ ಕಣ್ಣೊಳಗಿನ ಕಿರಿಯ ಮನುಷ್ಯನೇ. ಸ್ಪೇನಿನವರಿಗೆ ಅದು ನಿನ್ಯಾ, ಪೋರ್ಚುಗೀಸರಿಗೆ ಮೆನೀನಾ. ಎರಡಕ್ಕೂ ಹುಡುಗಿ ಎಂದೇ ಅರ್ಥ. ಚೀನೀಯರಲ್ಲೂ ಕಣ್ಣಪಾಪೆಯ ಮನುಷ್ಯ ಎಂಬ ಮಾತಿದೆ. ಇಂಗ್ಲಿಷರು ಒಂದು ಕಾಲಕ್ಕೆ ಕಣ್ಣಿನಲ್ಲಿ ಕಾಣುವ ಈ ಬಿಂಬವನ್ನು ಬೇಬಿ ಎಂದೇ ಕರೆಯುತ್ತಿದ್ದರು. ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕೂತ ಪ್ರೇಮಿಗಳನ್ನು ಕಣ್ಣಿನಲ್ಲಿ ಕೂಸು ನೋಡುತ್ತಿದ್ದಾರೆ ಎನ್ನುವ ರೂಢಿ ಅವರಲ್ಲಿತ್ತು.

ಪೂಪಾ ಮತ್ತು ಪಾಪ ಎರಡೂ ಒಂದೇ ರೀತಿ ಕೇಳಿಸುತ್ತವಲ್ಲ, ಒಂದರಿಂದ ಇನ್ನೊಂದು ಹುಟ್ಟಿತೇ ಎಂದು ನೀವು ಕೇಳಬಹುದು. ಆ ಆಸೆಗೆ ನಾನೂ ಒಳಗಾಗಿದ್ದೆ. ಆದರೆ ಹಾಗೆ ಹೇಳಲು ಆಧಾರವಿಲ್ಲ. ಹಲ್ಲು ಬಾರದ ಕೂಸು ತುಟಿ ಕೂಡಿಸಿ ಬಿಡಿಸಿದರೆ ಹೊರಡುವುದು ಪಕಾರ, ಬಕಾರ, ಮಕಾರಗಳೇ. ಆದ್ದರಿಂದ ಎಲ್ಲ ದೇಶಗಳ ತೊಟ್ಟಿಲ ಮಾತುಗಳೂ ಒಂದನ್ನೊಂದು ಹೋಲುತ್ತವೆ. ನಮ್ಮ ಮಗುವಿನ ಪಾಪಕ್ಕೂ ಪುಣ್ಯದ ಎದುರಿಗೆ ನಿಲ್ಲುವ ಸಂಸ್ಕೃತದ ಪಾಪಕ್ಕೂ ಸಂಬಂಧವಿಲ್ಲದಿರುವಂತೆ, ರೋಮಿನ ಪೂಪಾಕ್ಕೂ ನಮ್ಮ ಪಾಪೆಗೂ ರಕ್ತಸಂಬಂಧವಿಲ್ಲ. ರಕ್ತಸಂಬಂಧವಿಲ್ಲದೆಯೂ ಒಂದೇ ಹೆಸರು ಹೊಳೆದದ್ದು ನನಗೆ ಇನ್ನೂ ದೊಡ್ಡ ವಿಷಯವಾಗಿ ಕಾಣುತ್ತದೆ. ದೇಶ ದೇಶಗಳಲ್ಲಿ ತಾಯಂದಿರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಗ್ಗಿ ನೋಡಿದ್ದಾರೆ, ಮಗು ಮೇಲಕ್ಕೆ ನೋಡಿದೆ. ಅಷ್ಟು ಹತ್ತಿರ ಹೋಗದವರಿಗೆ ಈ ಹೆಸರು ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಎಷ್ಟು ಹತ್ತಿರ? ಇದಕ್ಕೆ ಲೆಕ್ಕವಿದೆ, ಮತ್ತು ಆ ಲೆಕ್ಕ ಬಹಳ ಚೆಲುವಾಗಿದೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿದ ಪಾರದರ್ಶಕ ಪೊರೆಯಿದೆ, ಕಾರ್ನಿಯಾ. ಅದರ ನಡುಭಾಗದ ಬಾಗು ಸುಮಾರು 7.8 ಮಿಲಿಮೀಟರ್ ತ್ರಿಜ್ಯದ ಗೋಳದ್ದು. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನದು ಒಳಗೆ ಹೋಗುತ್ತದೆ, ನೂರರಲ್ಲಿ ಎರಡು ಮೂರು ಪಾಲು ಮಾತ್ರ ಹಿಂದಕ್ಕೆ ಚಿಮ್ಮುತ್ತದೆ. ಆ ಎರಡು ಮೂರು ಪಾಲಿನಲ್ಲೇ ಪಾಪೆ ಹುಟ್ಟುವುದು. ಉಬ್ಬುಗನ್ನಡಿಯಲ್ಲಿ ಬಿಂಬ ನೆಟ್ಟಗಿರುತ್ತದೆ, ಚಿಕ್ಕದಾಗಿರುತ್ತದೆ, ಕನ್ನಡಿಯ ಹಿಂದೆ ಇರುವಂತೆ ತೋರುತ್ತದೆ. ಮೋಟಾರು ವಾಹನದ ಪಕ್ಕದ ಕನ್ನಡಿಯನ್ನು ನೆನೆಸಿಕೊಳ್ಳಿ. ಕಾರ್ನಿಯಾದ ಲೆಕ್ಕದಲ್ಲಿ ಆ ಬಿಂಬ ಪೊರೆಯ ಹಿಂದೆ ಹೆಚ್ಚು ಕಡಿಮೆ 4 ಮಿಲಿಮೀಟರ್ ಆಳದಲ್ಲಿ ನಿಲ್ಲುತ್ತದೆ. ಕಣ್ಣಿನ ಕಪ್ಪು ಕಂಡಿ ಇರುವುದೂ ಬಹುಮಟ್ಟಿಗೆ ಅದೇ ಆಳದಲ್ಲಿ. ಹಾಗಾಗಿ ಆ ಪುಟ್ಟ ಮುಖ ಕಣ್ಣಿನ ಹೊರಮೈಗೆ ಅಂಟಿದಂತೆ ಕಾಣದೆ ಕಂಡಿಯೊಳಗೆ ಕೂತಂತೆಯೇ ಕಾಣುತ್ತದೆ. "ಕಣ್ಣೊಳಗೆ ಕೂತ್ಕೊಂಡಿದೆ" ಎಂದು ನಮ್ಮಜ್ಜಿ ಹೇಳಿದ್ದು ಅಳತೆಗೂ ಸರಿಹೊಂದುವ ಮಾತು.

ಇನ್ನು ಗಾತ್ರ. ಗಲ್ಲದಿಂದ ನೆತ್ತಿಯವರೆಗೆ ಸುಮಾರು 24 ಸೆಂಟಿಮೀಟರ್ ಇರುವ ಮುಖ ಒಂದು ಅಡಿ ದೂರದಲ್ಲಿದ್ದರೆ ಬಿಂಬದ ಎತ್ತರ 3 ಮಿಲಿಮೀಟರ್. ಮನೆಯೊಳಗಿನ ಸಾಧಾರಣ ಬೆಳಕಿನಲ್ಲಿ ಕಪ್ಪು ಕಂಡಿಯ ಅಗಲವೂ ಮೂರು ನಾಲ್ಕು ಮಿಲಿಮೀಟರೇ. ಮುಖ ಕಂಡಿಯಲ್ಲಿ ಅಚ್ಚಿನಲ್ಲಿ ಕೂರಿಸಿದಂತೆ ಕೂರುತ್ತದೆ. ಒಂದು ಮಾರು ದೂರ ಸರಿದರೆ ಅದು ಸಾಸಿವೆಗಿಂತ ಚಿಕ್ಕದಾಗಿ, ಅದೊಂದು ಮುಖವೆಂದು ಗುರುತು ಹತ್ತದೆ ಹೋಗುತ್ತದೆ. ಹೀಗೆ, ಕಣ್ಣಿಗೆ ಪಾಪೆ ಎಂದು ಹೆಸರಿಟ್ಟವರು ಎದುರಿನವರಿಂದ ಒಂದು ಅಡಿ ಆಚೆ ಈಚೆ ಇದ್ದರು ಎಂದು ಧೈರ್ಯವಾಗಿ ಹೇಳಬಹುದು.

ಕಂಡಿ ಕಪ್ಪಾಗಿರುವುದರಿಂದಲೇ ಬಿಂಬ ಇಷ್ಟು ಸ್ಪಷ್ಟ. ಒಳಗೆ ಹೋದ ಬೆಳಕು ಹೊರಗಿನವರ ಕಣ್ಣಿಗೆ ಮರಳಿ ಬರುವುದು ಅಪರೂಪ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಕಣ್ಣಿನೊಳಗೆ ಬೆಳಕು ಹಾಯಿಸಿ ಅದರ ದಾರಿಯಲ್ಲೇ ಹಿಂದಿರುಗಿ ನೋಡುವ ಉಪಕರಣವನ್ನು ಜಗತ್ತಿಗೆ ತಿಳಿಸುವವರೆಗೆ, ಬದುಕಿರುವವರ ಕಣ್ಣಿನ ಒಳಗೋಡೆ ಬಹುಮಟ್ಟಿಗೆ ಯಾರಿಗೂ ಕಾಣದ ಕತ್ತಲೆಯಾಗಿತ್ತು. ಅಷ್ಟು ಕಾಲವೂ ಜನ ಅಲ್ಲಿ ಕಂಡದ್ದು ತಮ್ಮನ್ನೇ.

ಹಾಗಾದರೆ ಆ ಗೊಂಬೆಯೇ ನೋಟವೇ? ಹಳಬರು ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡಿದ್ದರು. ಗ್ರೀಸಿನ ಡೆಮಾಕ್ರಿಟಸ್ ಹೌದೆಂದ. ಕಣ್ಣಿನಲ್ಲಿ ಮೂಡುವ ಈ ಬಿಂಬವೇ ಕಾಣುವಿಕೆ ಎಂದು ಅವನ ವಾದ. ಅರಿಸ್ಟಾಟಲ್ ಒಪ್ಪಲಿಲ್ಲ. ಕಣ್ಣು ನುಣುಪಾಗಿರುವುದರಿಂದ ಬಿಂಬ ಕಾಣುತ್ತದೆ, ಕಾಣುವುದು ಆ ಕಣ್ಣಿನವನಿಗಲ್ಲ, ಎದುರಿಗೆ ನಿಂತು ನೋಡುವವನಿಗೆ ಎಂದ. ಬಿಂಬವೇ ನೋಟವಾಗಿದ್ದರೆ ಬಿಂಬ ತೋರಿಸುವ ಬೇರೆ ವಸ್ತುಗಳೆಲ್ಲ ಯಾಕೆ ನೋಡುವುದಿಲ್ಲ ಎಂದು ಕೇಳಿದ.

ನಮ್ಮ ಉಪನಿಷತ್ತುಗಳ ಋಷಿಗಳೂ ಇದೇ ಕಂಡಿಯ ಮುಂದೆ ನಿಂತವರು. ಛಾಂದೋಗ್ಯದಲ್ಲಿ ಕಣ್ಣಿನೊಳಗೆ ಕಾಣುವ ಪುರುಷನೇ ಆತ್ಮ ಎಂಬ ಉಪದೇಶ ಎರಡು ಕಡೆ ಬರುತ್ತದೆ. ಸತ್ಯಕಾಮ ಜಾಬಾಲ ತನ್ನ ಶಿಷ್ಯ ಉಪಕೋಸಲನಿಗೆ ಅದನ್ನು ಹೇಳುತ್ತಾನೆ. ದೇವತೆಗಳ ಇಂದ್ರನಿಗೂ ಅಸುರರ ವಿರೋಚನನಿಗೂ ಪ್ರಜಾಪತಿ ಅದನ್ನೇ ಹೇಳುತ್ತಾನೆ. ಆ ಇಬ್ಬರಿಗೆ ಕೂಡಲೇ ಹೊಳೆದದ್ದು ಬಿಂಬ. ನೀರಿನಲ್ಲಿ, ಕನ್ನಡಿಯಲ್ಲಿ ಕಾಣುತ್ತದಲ್ಲ, ಅದೇ ಏನು ಎಂದು ಕೇಳುತ್ತಾರೆ. ನೀರಿನ ಬೋಗುಣಿಯಲ್ಲಿ ನೋಡಿಕೊಂಡು ವಿರೋಚನ ಸಮಾಧಾನದಿಂದ ಹೊರಟುಹೋಗುತ್ತಾನೆ. ಇಂದ್ರನಿಗೆ ಅನುಮಾನ ಬಂದು ದಾರಿಯಿಂದ ಹಿಂತಿರುಗುತ್ತಾನೆ. ಮೈ ಕುರುಡಾದರೆ ಬಿಂಬವೂ ಕುರುಡು, ಮೈ ಅಳಿದರೆ ಬಿಂಬವೂ ಅಳಿಯುತ್ತದೆ, ಇದು ಹೇಗೆ ಆತ್ಮವಾದೀತು ಎಂದು. ಶಂಕರಾಚಾರ್ಯರು ಬ್ರಹ್ಮಸೂತ್ರದ ಭಾಷ್ಯದಲ್ಲಿ, ಉಪಕೋಸಲನಿಗೆ ಹೇಳಿದ ಕಣ್ಣಿನ ಪುರುಷ ಯಾರೆಂಬುದನ್ನೇ ಒಂದು ಅಧಿಕರಣವಾಗಿ ಚರ್ಚಿಸುತ್ತಾರೆ. ಎದುರಿನವರ ನೆರಳೇ, ಜೀವನೇ, ಸೂರ್ಯದೇವತೆಯೇ ಎಂದು ಒಂದೊಂದನ್ನೇ ಎತ್ತಿಕೊಂಡು ಬದಿಗಿಟ್ಟು, ಪರಬ್ರಹ್ಮವೆಂದು ತೀರ್ಮಾನಿಸುತ್ತಾರೆ. ಎದುರಿನವರು ಸರಿದು ಹೋದರೆ ಬಿಂಬ ಇರುವುದಿಲ್ಲ ಎಂಬ ಸರಳವಾದ ಮಾತು ಆ ವಾದದಲ್ಲಿ ಬರುತ್ತದೆ. ದೊಡ್ಡ ತರ್ಕದ ನಡುವೆ ಮನೆಯ ಅನುಭವ ಹೀಗೆ ತಲೆ ಎತ್ತುವುದು ನನಗೆ ತುಂಬ ಪ್ರಿಯ.

ನೋಟದ ನಿಜವಾದ ಬಿಂಬ ಎಲ್ಲಿದೆ ಎಂಬುದನ್ನು 1604ರಲ್ಲಿ ಕೆಪ್ಲರ್ ಲೆಕ್ಕ ಹಾಕಿ ತೋರಿಸಿದ, ಗ್ರಹಗಳ ದಾರಿಯನ್ನು ಕಂಡುಹಿಡಿದ ಅದೇ ಕೆಪ್ಲರ್. ಅದು ಕಣ್ಣಿನ ಹಿಂಗೋಡೆಯ ಅಕ್ಷಿಪಟಲದ ಮೇಲೆ, ತಲೆಕೆಳಗಾಗಿ ಬೀಳುತ್ತದೆ. ಹೀಗೆ ಎದುರಿನವರ ಒಂದೇ ಕಣ್ಣಿನಲ್ಲಿ ನಾವು ಎರಡು ಸಲ ಇರುತ್ತೇವೆ. ಹಿಂದುಗಡೆ ತಲೆಕೆಳಗಾಗಿ, ಅವರಿಗೆ ಕಾಣಲೆಂದು. ಮುಂದುಗಡೆ ನೆಟ್ಟಗೆ, ನಮಗೆ ಕಾಣಲೆಂದು.

ಲ್ಯಾಟಿನ್ನಿನ ಪೂಪಾಕ್ಕೆ ಬೇರೆ ಸಂತಾನವೂ ಉಂಟು. ತಂದೆ ತೀರಿಕೊಂಡ ಎಳೆಯ ಮಗುವನ್ನು ರೋಮಿನ ಕಾನೂನು ಪೂಪಿಲ್ಲುಸ್ ಎನ್ನುತ್ತಿತ್ತು, ಹೆಣ್ಣಾದರೆ ಪೂಪಿಲ್ಲಾ. ಅಂಥ ಮಗುವಿಗೆ ಒಬ್ಬ ಪೋಷಕನನ್ನು ನೇಮಿಸುತ್ತಿದ್ದರು. ಪೋಷಕನ ಕೈಕೆಳಗಿನ ಮಗು ಮುಂದೆ ಗುರುವಿನ ಕೈಕೆಳಗಿನ ಮಗುವಾಗಿ, ಇಂಗ್ಲಿಷಿನಲ್ಲಿ ಶಾಲೆಯ ವಿದ್ಯಾರ್ಥಿಗೂ ಪ್ಯೂಪಿಲ್ ಎಂಬ ಹೆಸರು ಬಂತು. ಪಪೆಟ್ ಎಂಬ ಸೂತ್ರದ ಗೊಂಬೆಯೂ ಇದೇ ಮನೆಯದು. ಚಿಟ್ಟೆಯಾಗುವ ಮುಂಚೆ ಗೂಡಿನಲ್ಲಿ ಮಲಗುವ ಹುಳುವಿಗೆ ಪ್ಯೂಪಾ ಎಂದು ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಬಟ್ಟೆಯಲ್ಲಿ ಸುತ್ತಿಟ್ಟ ಕೂಸಿನಂತೆ ಕಾಣುವ ಆ ಹುಳು ನಮ್ಮ ರಾಮನಗರ, ಶಿಡ್ಲಘಟ್ಟಗಳ ರೇಷ್ಮೆಯವರಿಗೆ ನಿತ್ಯದ ನೋಟ.

ಗ್ರೀಕರ ಕೋರೆಯೂ ಸತ್ತಿಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ತಂದಾಗ ವೈದ್ಯರು ರೆಪ್ಪೆ ಎತ್ತಿ ಟಾರ್ಚು ಬಿಟ್ಟು ಎರಡೂ ಪಾಪೆಗಳು ಸಮನಾಗಿ ಕುಗ್ಗುತ್ತವೆಯೇ ಎಂದು ನೋಡುತ್ತಾರೆ. ಒಂದು ಹಿಗ್ಗಿಯೇ ಉಳಿದರೆ ಅದು ಮಿದುಳಿನೊಳಗಿನ ಒತ್ತಡದ ಸೂಚನೆಯಾಗಿರಬಹುದು. ಪಾಪೆಗಳ ಈ ಅಸಮತೆಗೆ ಅನೈಸೊಕೋರಿಯಾ ಎಂದು ಹೆಸರು. ಆ ಹೆಸರಿನ ಬಾಲದಲ್ಲಿ ಕೋರೆ ಇದ್ದಾಳೆ. ಲ್ಯೂಕೋಕೋರಿಯಾ ಎಂಬ ಇನ್ನೊಂದು ಮಾತಿದೆ, ಬಿಳಿಯ ಪಾಪೆ ಎಂದು ಅರ್ಥ. ಈ ಮಾತನ್ನು ಎಳೆಯ ಮಕ್ಕಳ ತಂದೆತಾಯಿಯರು ದಯವಿಟ್ಟು ನೆನಪಿಡಬೇಕು. ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅಥವಾ ಫ್ಲಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬೆಳ್ಳಗೂ ಬಂದರೆ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಅದು ಹುಟ್ಟಿನಿಂದ ಬಂದ ಪೊರೆಯಾಗಿರಬಹುದು, ಬೇರೆ ಕಾರಣವೂ ಇರಬಹುದು. ಕೆಲವೊಮ್ಮೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಆಗಿರುತ್ತದೆ. ಬೇಗ ಗೊತ್ತಾದರೆ ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಇಂಥ ಬಿಳುಪನ್ನು ಎಷ್ಟೋ ಸಲ ಮೊದಲು ಗುರುತಿಸುವವರು ಮಗುವಿನ ಮುಖವನ್ನು ದಿನವೂ ಹತ್ತಿರದಿಂದ ನೋಡುವ ತಾಯಿಯೋ ಅಜ್ಜಿಯೋ.

ಕಾರ್ನಿಯಾದ ಮೇಲಿನ ಬಿಂಬವನ್ನೇ ಇಂದಿನ ವೈದ್ಯರು ಅಳತೆಗೋಲು ಮಾಡಿಕೊಂಡಿದ್ದಾರೆ. ಮಗುವಿಗೆ ಮೆಳ್ಳಗಣ್ಣಿದೆಯೇ ಎಂದು ತಿಳಿಯಲು ಎದುರಿಗೆ ಟಾರ್ಚು ಹಿಡಿದು, ಅದರ ಬಿಂಬ ಎರಡೂ ಪಾಪೆಗಳಲ್ಲಿ ಒಂದೇ ಜಾಗಕ್ಕೆ ಬೀಳುತ್ತದೆಯೇ ಎಂದು ನೋಡುತ್ತಾರೆ. ಕಣ್ಣಿಗೆ ಬಂದ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಮುಂಚೆ ಗಲ್ಲ ಊರಿ ಕೂರಿಸುವ ಯಂತ್ರವೊಂದಿದೆಯಲ್ಲ, ಅದು ಬೆಳಕಿನ ಗುರುತುಗಳನ್ನು ಕಣ್ಣಿನ ಮೇಲೆ ಮೂಡಿಸಿ, ಆ ಬಿಂಬದ ಗಾತ್ರದಿಂದ ಕಾರ್ನಿಯಾದ ಬಾಗನ್ನು ಲೆಕ್ಕ ಹಾಕುತ್ತದೆ. ಒಳಗೆ ಹಾಕುವ ಲೆನ್ಸು ಎಷ್ಟು ಶಕ್ತಿಯದಾಗಿರಬೇಕೆಂಬ ತೀರ್ಮಾನದಲ್ಲಿ ಆ ಅಳತೆಗೆ ದೊಡ್ಡ ಪಾಲಿದೆ. ಪಾಪೆಯನ್ನು ಅಳೆದು ದೃಷ್ಟಿ ಕೊಡುವ ಕೆಲಸ ಅದು.

ನಮ್ಮ ವಿಜ್ಞಾನದ ಪುಸ್ತಕಗಳು ಪಾಪೆ ಎಂಬ ಪದವನ್ನು ಬಿಟ್ಟುಕೊಡದೆ ಉಳಿಸಿಕೊಂಡಿವೆ. ಅದಕ್ಕಾಗಿ ನನಗೆ ಅವುಗಳನ್ನು ಬರೆದವರ ಮೇಲೆ ಗೌರವವಿದೆ. ಕನೀನಿಕೆ ಎಂದೂ ಬರೆಯಬಹುದಿತ್ತು, ಅದೂ ಹುಡುಗಿಯೇ. ಆದರೆ ಆ ಹೆಸರು ಅಲೆದಾಡಿದೆ. ಸುಶ್ರುತ ಸಂಹಿತೆಯಲ್ಲಿ ಕಪ್ಪು ಕಂಡಿಯ ಜಾಗಕ್ಕೆ ದೃಷ್ಟಿ ಎಂಬ ಹೆಸರಿದೆ, ಅದರ ಗಾತ್ರ ಮಸೂರದ ಬೇಳೆಯಷ್ಟು ಎಂದು ಹೇಳಿದೆ. ಕನೀನಕ ಎಂಬುದು ಅಲ್ಲಿ ಮೂಗಿನ ಕಡೆಗಿರುವ ಕಣ್ಣಿನ ಮೂಲೆ. ಪಾಪೆ ಮಾತ್ರ ಕದಲಿಲ್ಲ. ತರಗತಿಯಲ್ಲಿ ಈ ಪದ ಬಂದ ದಿನ ಮೇಷ್ಟ್ರು ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಕಿಟಕಿಯ ಬೆಳಕಿನಲ್ಲಿ ಒಬ್ಬರ ಕಣ್ಣೊಳಗೆ ಒಬ್ಬರು ನೋಡಿಕೊಳ್ಳಲು ಹೇಳಿದರೆ, ಪದದ ಅರ್ಥವನ್ನು ಬಾಯಲ್ಲಿ ಹೇಳುವ ಅಗತ್ಯವೇ ಇರುವುದಿಲ್ಲ. ಬಿಂಬದ ಪಾಠವೂ ಅಲ್ಲೇ ಆಗಿಬಿಡುತ್ತದೆ.

ನಮ್ಮಜ್ಜಿಗೆ ವಯಸ್ಸಾದ ಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಆಗ ನಾನು ಊರು ಬಿಟ್ಟು ಕಾಲೇಜಿಗೆ ಸೇರಿದ್ದೆ. ರಜೆಗೆ ಹೋದಾಗ ದನಿಯ ಮೇಲೆ ಗುರುತು ಹಿಡಿದು, ಕೈಯಿಂದ ಮುಖ ತಡವಿ, "ಬಡವಾಗಿದ್ದೀಯಲ್ಲೋ" ಅಂದಳು. ನಾನು ಹತ್ತಿರ ಹೋಗಿ ಅವಳ ಕಣ್ಣನ್ನು ನೋಡಿದೆ. ಕಪ್ಪು ಇದ್ದಲ್ಲಿ ಮಜ್ಜಿಗೆಯ ಬಣ್ಣ. ಹುಡುಗ ಇರಲಿಲ್ಲ. ಅವನು ಹೋಗಿರಲಿಲ್ಲ ಎಂಬುದು ಬಹಳ ವರ್ಷಗಳ ಮೇಲೆ ಓದಿ ತಿಳಿಯಿತು. ಬಿಂಬ ಮೂಡುವುದು ಹೊರಗಿನ ಕಾರ್ನಿಯಾದಿಂದ, ಪೊರೆ ಕಟ್ಟುವುದು ಅದರ ಹಿಂದಿನ ಲೆನ್ಸಿನಲ್ಲಿ. ಹಿನ್ನೆಲೆಯ ಕಪ್ಪು ಹೋಗಿ ಬಿಳುಪು ಬಂದದ್ದರಿಂದ ಅವನು ಕಣ್ಣಿಗೆ ಬೀಳದಾಗಿದ್ದ, ಅಷ್ಟೇ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಮುಂದಿನ ಬೇಸಿಗೆಯಲ್ಲಿ ಪಕ್ಕದ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಒಳಗೆ ಲೆನ್ಸು ಕೂರಿಸುವ ಪದ್ಧತಿ ಆಗ ನಮ್ಮ ಕಡೆ ಬಂದಿರಲಿಲ್ಲ. ಪೊರೆಗಟ್ಟಿದ ಲೆನ್ಸನ್ನು ತೆಗೆದು, ಸೋಡಾಬುಡ್ಡಿಯಷ್ಟು ದಪ್ಪದ ಕನ್ನಡಕ ಕೊಡುತ್ತಿದ್ದರು. ಕೆಲವು ವಾರಗಳ ಮೇಲೆ ಕನ್ನಡಕ ಬಂತು. ಜಗಲಿಯ ಮೇಲೆ ಕೂತು ಅದನ್ನು ಹಾಕಿಕೊಂಡು ಅವಳು ಮೊದಲು ತನ್ನ ಅಂಗೈ ನೋಡಿಕೊಂಡಳು, ಆಮೇಲೆ ಅಂಗಳದ ತುಳಸಿ ಕಟ್ಟೆ, ಆಮೇಲೆ ನನ್ನನ್ನು. ಆ ದಪ್ಪ ಗಾಜುಗಳ ಹಿಂದೆ ಅವಳ ಕಣ್ಣುಗಳು ಮೊದಲಿಗಿಂತ ದೊಡ್ಡದಾಗಿ, ಕಪ್ಪಗೆ ಕಾಣುತ್ತಿದ್ದವು. ನಾನು ಅವಳ ಮುಂದೆ ಕೂತು ಬಾಗಿದೆ.

"ಏನೋ ಇಷ್ಟು ಹತ್ತಿರ ಬಂದು ನೋಡ್ತೀಯ?"

"ಪಾಪೆ ಇದೆಯಾ ನೋಡ್ತಿದ್ದೀನಿ ಅಜ್ಜಿ."

"ಇದೆಯೇನೋ?"

"ಇದೆ. ದೊಡ್ಡದಾಗಿದೆ."

"ಮತ್ತೆ, ಮೀಸೆ ಬಂತಲ್ಲ ಅದಕ್ಕೆ" ಅಂದು ನನ್ನ ಗಲ್ಲ ಹಿಡಿದುಕೊಂಡಳು.